ಲಿನಕ್ಸ್ ಸೌಂಡ್ ಡ್ರೈವರ್: ಟೈಮಿಂಗ್, ಇಂಟರಪ್ಟ್ ದೋಷಗಳನ್ನು ಹಿಡಿಯುವ ಬಗೆ

ಹಾಡಿನ ನಡುವೆ ಚಟಪಟ ಸದ್ದು. ಕೊನೆಯ ತುಣುಕೇ ಸುತ್ತಿಸುತ್ತಿ ಕೇಳಿಸುವುದು. ತುಟಿಯ ಚಲನೆಗೂ ಮಾತಿಗೂ ಹೊಂದದಿರುವುದು. ಪ್ಲೇ ಒತ್ತಿದ ಕೂಡಲೇ ಇಡೀ ಯಂತ್ರ ನಿಂತುಬಿಡುವುದು. ಬಳಕೆದಾರರು ಇವೆಲ್ಲವನ್ನೂ 'ಸೌಂಡ್ ಸರಿಯಿಲ್ಲ' ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ. ಡ್ರೈವರ್ ಬರೆಯುವವರಿಗೆ ಇವು ನಾಲ್ಕು ಬೇರೆ ಬೇರೆ ಸುಳಿವುಗಳು. ಚಟಪಟ ಎಂದರೆ ಬಫರ್ (ನುಡಿಸಬೇಕಾದ ಧ್ವನಿಯನ್ನು ಕೂಡಿಟ್ಟ ಮೆಮೊರಿ) ಖಾಲಿಯಾಗುತ್ತಿದೆ, ಅಥವಾ ಬಫರ್‌ನಲ್ಲಿ ಎಲ್ಲಿಯವರೆಗೆ ನುಡಿದಾಯಿತು ಎಂದು ಡ್ರೈವರ್ ಹೇಳುವ ಸ್ಥಾನ ತಪ್ಪು. ಒಂದೇ ತುಣುಕು ಸುತ್ತುತ್ತಿದ್ದರೆ ಡಿಎಂಎ (ಸಿಪಿಯು ನೆರವಿಲ್ಲದೆ ಕಾರ್ಡ್ ತಾನೇ ಮೆಮೊರಿ ಓದುವುದು) ನಡೆಯುತ್ತಿದೆ, ಇಂಟರಪ್ಟ್ (ಕಾರ್ಡ್ ಸಿಪಿಯುವನ್ನು ಕರೆಯುವ ಸಂಕೇತ) ಮಾತ್ರ ಬರುತ್ತಿಲ್ಲ. ತುಟಿ-ಮಾತಿನ ಅಂತರಕ್ಕೆ ಸಾಮಾನ್ಯವಾಗಿ ಡಿಲೇ ಲೆಕ್ಕ ಕಾರಣ. ಯಂತ್ರವೇ ನಿಂತರೆ ಲಾಕ್‌ಗಳ (ಒಂದೇ ಮಾಹಿತಿಯನ್ನು ಇಬ್ಬರು ಏಕಕಾಲಕ್ಕೆ ಮುಟ್ಟದಂತೆ ತಡೆಯುವ ಬೀಗ) ಕ್ರಮವನ್ನು ಮೊದಲು ಅನುಮಾನಿಸಿ.

ಇಲ್ಲಿ ಹೇಳುವುದು ಲಿನಕ್ಸ್ ಕರ್ನಲ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾ ಚೌಕಟ್ಟಿನ ಡ್ರೈವರ್‌ಗಳ ವಿಷಯ. ಉದಾಹರಣೆಗಳು ಹೆಚ್ಚಾಗಿ ಇಂಟೆಲ್ ಎಚ್‌ಡಿ ಆಡಿಯೊ ಮತ್ತು ಅದಕ್ಕೂ ಹಳೆಯ ಎಸಿ'97 ನಿಯಂತ್ರಕಗಳವು. ಆಜ್ಞೆ, ಕಡತ, ಫಂಕ್ಷನ್‌ಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ; ಟರ್ಮಿನಲ್‌ನಲ್ಲಿ ರೋಮನ್ ಅಕ್ಷರದಲ್ಲೇ ಬರೆಯಬೇಕು.

ಮೊದಲು ಲೆಕ್ಕ

48,000 ಹರ್ಟ್ಸ್, ಸ್ಟೀರಿಯೊ, 16 ಬಿಟ್ ಎಂದರೆ ಒಂದು ಫ್ರೇಮ್‌ಗೆ 4 ಬೈಟ್. ಫ್ರೇಮ್ ಎಂದರೆ ಒಂದು ಕ್ಷಣದ ಎಲ್ಲ ಚಾನಲ್‌ಗಳ ಸ್ಯಾಂಪಲ್; ಪೀರಿಯಡ್ ಎಂದರೆ ಒಂದು ಇಂಟರಪ್ಟ್‌ನಿಂದ ಇನ್ನೊಂದರವರೆಗಿನ ಬಫರ್ ತುಂಡು. ಪೀರಿಯಡ್ 1024 ಫ್ರೇಮ್, ಬಫರ್ 4 ಪೀರಿಯಡ್ ಎಂದಿಟ್ಟುಕೊಳ್ಳಿ. ಆಗ ಬಫರ್ 16,384 ಬೈಟ್. ಒಂದು ಪೀರಿಯಡ್ 21.33 ಮಿಲಿಸೆಕೆಂಡು, ಇಡೀ ಬಫರ್ ಸುಮಾರು 85 ಮಿಲಿಸೆಕೆಂಡು. ಪ್ರತಿ ಪೀರಿಯಡ್‌ಗೆ ಒಂದು ಇಂಟರಪ್ಟ್, ಅಂದರೆ ಸೆಕೆಂಡಿಗೆ 46.875. ಈ ಅಂಕಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಕೆಲಸ ಶುರು ಮಾಡಿ, ಮುಂದೆ ಕಾಣುವ ಪ್ರತಿಯೊಂದು ಸಂಖ್ಯೆಯನ್ನೂ ಇವುಗಳ ಜೊತೆಗೇ ಹೋಲಿಸಬೇಕು.

ಪರೀಕ್ಷೆಗೆ ಮುನ್ನ ಸೌಂಡ್ ಸರ್ವರ್ (ಅಪ್ಲಿಕೇಶನ್‌ಗಳ ಸದ್ದನ್ನು ಕೂಡಿಸಿ ಕಾರ್ಡ್‌ಗೆ ಕಳಿಸುವ ಪ್ರೋಗ್ರಾಂ) ನಿಲ್ಲಿಸಿ: ಪೈಪ್‌ವೈರ್ ಇದ್ದರೆ ಅದರ ಸರ್ವಿಸ್ ಮತ್ತು ಸಾಕೆಟ್ ಎರಡನ್ನೂ, ಪಲ್ಸ್‌ಆಡಿಯೊ ಇದ್ದರೆ ಅದನ್ನೂ. ಸಾಕೆಟ್ ಉಳಿದರೆ ಸರ್ವರ್ ಮತ್ತೆ ತಾನೇ ಏಳುತ್ತದೆ. ಪಲ್ಸ್‌ಆಡಿಯೊ ಟೈಮರ್ ಆಧಾರದ ಮೇಲೆ ಓಡುವಾಗ, ಸಾಧನ ಒಪ್ಪಿದರೆ, ಪೀರಿಯಡ್ ಇಂಟರಪ್ಟ್‌ಗಳನ್ನೇ ಆಫ್ ಮಾಡಿಸುತ್ತದೆ. ಇದು ಗೊತ್ತಿಲ್ಲದೆ ಇಂಟರಪ್ಟ್ ಎಣಿಸಿ 'ಬರುತ್ತಲೇ ಇಲ್ಲ' ಎಂದು ಡ್ರೈವರ್ ಬಿಚ್ಚಲು ಕೂರುವವರು ಕಡಿಮೆಯಿಲ್ಲ.

ಆಮೇಲೆ ಎಪ್ಲೇ ಆಜ್ಞೆಗೆ ಸಾಧನವಾಗಿ ಎಚ್‌ಡಬ್ಲ್ಯೂ:0,0 ಕೊಟ್ಟು, --ಪೀರಿಯಡ್-ಸೈಜ್=1024, --ಬಫರ್-ಸೈಜ್=4096 ಮತ್ತು -ವಿ ಸೇರಿಸಿ 48 ಕಿಲೋಹರ್ಟ್ಸ್‌ನ ವೇವ್ ಕಡತವೊಂದನ್ನು ನುಡಿಸಿ. ಎಚ್‌ಡಬ್ಲ್ಯೂ ಎಂದು ಕೊಟ್ಟಾಗ ಮಿಕ್ಸಿಂಗ್, ದರ ಬದಲಾವಣೆ ಮಾಡುವ ಪ್ಲಗಿನ್‌ಗಳು ನಡುವೆ ಬರುವುದಿಲ್ಲ. ಕೇಳಿದ ಗಾತ್ರವೇ ಸಿಕ್ಕಿತೇ ಎಂಬುದನ್ನು /ಪ್ರಾಕ್/ಅಸೌಂಡ್/ಕಾರ್ಡ್0/ಪಿಸಿಎಂ0ಪಿ/ಸಬ್0/ಎಚ್‌ಡಬ್ಲ್ಯೂ_ಪ್ಯಾರಮ್ಸ್ ಕಡತದಲ್ಲಿ ಖಚಿತಪಡಿಸಿಕೊಳ್ಳಿ.

ಇಂಟರಪ್ಟ್ ಎಣಿಸುವುದು

ನುಡಿಸುತ್ತಿರುವಾಗ /ಪ್ರಾಕ್/ಇಂಟರಪ್ಟ್ಸ್ ಕಡತವನ್ನು ಹತ್ತು ಸೆಕೆಂಡಿನ ಅಂತರದಲ್ಲಿ ಎರಡು ಸಲ ಓದಿ, ಕಾರ್ಡ್‌ನ ಸಾಲಿನಲ್ಲಿ ಎಲ್ಲ ಸಿಪಿಯು ಕಾಲಮ್‌ಗಳನ್ನು ಕೂಡಿಸಿ ವ್ಯತ್ಯಾಸ ನೋಡಿ. ಮೇಲಿನ ಗಾತ್ರಕ್ಕೆ ಸುಮಾರು 469 ಬರಬೇಕು.

ಸೊನ್ನೆ ಬಂದರೆ ಇಂಟರಪ್ಟ್ ಸಿಪಿಯುವರೆಗೆ ತಲುಪುತ್ತಿಲ್ಲ. ಎಚ್‌ಡಿ ಆಡಿಯೊದಲ್ಲಿ ಇದಕ್ಕೆ ಎಂಎಸ್ಐ (ಪ್ರತ್ಯೇಕ ಲೈನ್ ಬದಲು ಬಸ್ ಮೂಲಕ ಸಂದೇಶವಾಗಿ ಇಂಟರಪ್ಟ್ ಕಳಿಸುವ ವಿಧಾನ) ಕಾರಣವಾಗಿರುವುದು ಉಂಟು. ಆಗ ಕರ್ನಲ್ ಲಾಗ್‌ನಲ್ಲಿ ಕೋಡೆಕ್ (ಧ್ವನಿ ಪರಿವರ್ತಿಸುವ ಚಿಪ್) ಉತ್ತರ ಕೊಡುತ್ತಿಲ್ಲ, ಪೋಲಿಂಗ್‌ಗೆ (ಇಂಟರಪ್ಟ್‌ಗೆ ಕಾಯದೆ ಪದೇಪದೇ ಓದಿ ನೋಡುವುದು) ಬದಲಾಯಿಸುತ್ತಿದ್ದೇನೆ, ಎಂಎಸ್ಐ ಆಫ್ ಮಾಡುತ್ತಿದ್ದೇನೆ ಎಂಬ ಅರ್ಥದ ಸಾಲುಗಳು ಒಂದರ ಹಿಂದೆ ಒಂದು ಬರುತ್ತವೆ. ಸ್ನ್ಡ್_ಎಚ್‌ಡಿಎ_ಇಂಟೆಲ್ ಮಾಡ್ಯೂಲ್‌ಗೆ ಎನೇಬಲ್_ಎಂಎಸ್ಐ=0 ಕೊಟ್ಟು ನೋಡಿ. ನಿಮ್ಮದೇ ಡ್ರೈವರ್ ಆದರೆ ಇಂಟರಪ್ಟ್ ಎನೇಬಲ್ ಬಿಟ್ ಎರಡು ಕಡೆ ಇರಬಹುದು, ಸ್ಟ್ರೀಮ್‌ಗೆ ಒಂದು, ಇಡೀ ನಿಯಂತ್ರಕಕ್ಕೆ ಒಂದು. ಎರಡನೆಯದನ್ನು ಸಸ್ಪೆಂಡ್‌ನಿಂದ ಎದ್ದ ಮೇಲೆ ಮತ್ತೆ ಬರೆಯಲು ಮರೆಯುವುದು ಬಹಳ ಸಾಮಾನ್ಯ.

ಅರ್ಧದಷ್ಟೇ ಬಂದರೆ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಡ್ರೈವರ್ ಫಂಕ್ಷನ್) ಸ್ಟೇಟಸ್ ಬಿಟ್ ಅಳಿಸುವ ಕ್ರಮ ನೋಡಿ. ಅದರ ವಿವರ ಮುಂದಿದೆ. ಒಂದೇ ಬಾರಿಗೆ ಲಕ್ಷಗಟ್ಟಲೆ ಬಂದು ಆಮೇಲೆ ಸ್ತಬ್ಧವಾದರೆ ಅದು ಇಂಟರಪ್ಟ್ ಪ್ರವಾಹ. ಒಂದು ಲೈನ್‌ನಲ್ಲಿ ಬಂದ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾವ ಹ್ಯಾಂಡ್ಲರ್ ಕೂಡ ತನ್ನದೆಂದು ಒಪ್ಪದಿದ್ದರೆ, 'ಯಾರೂ ಗಮನಿಸಲಿಲ್ಲ' ಎಂಬರ್ಥದ ಸಂದೇಶ ಬರೆದು ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ಹಂಚಿಕೊಂಡ ಲೈನ್ ಆಗಿದ್ದರೆ ತಪ್ಪು ಮಾಡಿದ ಸಾಧನ ಯಾವುದೋ, ಶಿಕ್ಷೆ ಸೌಂಡ್ ಕಾರ್ಡ್‌ಗೆ. ಹಾಗಾಗಿ ಆ ಲೈನಿನ ಉಳಿದ ಹೆಸರುಗಳನ್ನೂ ಓದಿ, ಆ ಮಾಡ್ಯೂಲ್‌ಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿ.

ಹ್ಯಾಂಡ್ಲರ್‌ನೊಳಗಿನ ಕ್ರಮ

ಸರಿಯಾದ ಹ್ಯಾಂಡ್ಲರ್ ಚಿಕ್ಕದು. ಸ್ಟೇಟಸ್ ರಿಜಿಸ್ಟರ್ ಓದಿ. ಸೊನ್ನೆ ಇದ್ದರೆ ಇಂಟರಪ್ಟ್ ನಮ್ಮದಲ್ಲ, ಐಆರ್‌ಕ್ಯೂ_ನನ್ ಹಿಂತಿರುಗಿಸಿ. ಎಲ್ಲ 32 ಬಿಟ್‌ಗಳೂ 1 ಆಗಿದ್ದರೆ ಸಾಧನವೇ ಬಸ್‌ನಿಂದ ಕಳಚಿದೆ ಅಥವಾ ನಿದ್ರೆಗೆ ಹೋಗಿದೆ, ಆಗಲೂ ಐಆರ್‌ಕ್ಯೂ_ನನ್. ಈ ಎರಡನೆಯ ತಪಾಸಣೆ ಇಲ್ಲದ ಡ್ರೈವರ್ 'ಸ್ಟೇಟಸ್ ಸೊನ್ನೆ ಆಗುವ ತನಕ' ಎಂಬ ಲೂಪ್‌ನಲ್ಲಿ ಎಂದೆಂದಿಗೂ ಸಿಕ್ಕಿಬೀಳುತ್ತದೆ.

ಬಿಟ್ ಇದ್ದರೆ ಮೊದಲು ಅಳಿಸಿ, ಆಮೇಲೆ ಸ್ನ್ಡ್_ಪಿಸಿಎಂ_ಪೀರಿಯಡ್_ಇಲ್ಯಾಪ್ಸ್ಡ್ ಕರೆಯಿರಿ. ತಿರುವುಮುರುವಾದರೆ, ಆ ಫಂಕ್ಷನ್ ನಡೆಯುತ್ತಿರುವಾಗ ಮುಂದಿನ ಪೀರಿಯಡ್ ಮುಗಿದು ಬಿಟ್ ಮತ್ತೆ ಏಳುತ್ತದೆ, ನೀವು ಎರಡನ್ನೂ ಒಟ್ಟಿಗೇ ಅಳಿಸಿಬಿಡುತ್ತೀರಿ. ಪೀರಿಯಡ್ ದೊಡ್ಡದಿದ್ದಾಗ ಇದು ಕಾಣಿಸುವುದೇ ಇಲ್ಲ. 64 ಫ್ರೇಮ್‌ಗೆ, ಅಂದರೆ 1.33 ಮಿಲಿಸೆಕೆಂಡಿಗೆ ಇಳಿಸಿದಾಗ ಎದ್ದು ಕಾಣುತ್ತದೆ. ಇನ್ನೊಂದು ಸೂಕ್ಷ್ಮ: ಬಿಟ್‌ನಲ್ಲಿ 1 ಬರೆದರೆ ಅಳಿಯುವ ರಿಜಿಸ್ಟರ್‌ಗಳಲ್ಲಿ, ಓದಿದ ಬೆಲೆಯಲ್ಲಿ ನೀವು ನಿಭಾಯಿಸಿದ ಬಿಟ್‌ಗಳನ್ನಷ್ಟೇ ಬರೆಯಿರಿ. ಎಲ್ಲ ಬಿಟ್‌ಗೂ 1 ಬರೆದರೆ ರೆಕಾರ್ಡಿಂಗ್ ಸ್ಟ್ರೀಮ್‌ನ ಇಂಟರಪ್ಟ್ ಕೂಡ ಸದ್ದಿಲ್ಲದೆ ಕಳೆದುಹೋಗುತ್ತದೆ. ಪಿಸಿಐಯಲ್ಲಿ ಬರಹ ತಕ್ಷಣ ಸಾಧನಕ್ಕೆ ಮುಟ್ಟುವುದಿಲ್ಲ. ಲೆವೆಲ್ ಮಾದರಿಯ ಲೈನ್‌ನಲ್ಲಿ ಹ್ಯಾಂಡ್ಲರ್ ಮುಗಿದ ಮೇಲೂ ಲೈನ್ ಎದ್ದೇ ಇದ್ದು ಅದೇ ಇಂಟರಪ್ಟ್ ಮತ್ತೆ ಬಂದಂತೆ ಕಾಣಬಹುದು. ಅದೇ ರಿಜಿಸ್ಟರನ್ನು ಒಮ್ಮೆ ಓದಿದರೆ ಬರಹ ಮುಟ್ಟಿತೆಂದು ಖಾತ್ರಿ.

ಲಾಕ್ ವಿಷಯ ಇಲ್ಲೇ ಮುಗಿಸಬಹುದು. ಟ್ರಿಗರ್ (ಶುರು ಮಾಡುವ, ನಿಲ್ಲಿಸುವ) ಮತ್ತು ಪಾಯಿಂಟರ್ (ಸ್ಥಾನ ಹೇಳುವ) ಕಾಲ್‌ಬ್ಯಾಕ್‌ಗಳನ್ನು ಆಲ್ಸಾ ತನ್ನ ಸ್ಟ್ರೀಮ್ ಲಾಕ್ ಹಿಡಿದುಕೊಂಡೇ ಕರೆಯುತ್ತದೆ. ಒಳಗೆ ನೀವು ಚಿಪ್ ಲಾಕ್ ಹಿಡಿಯುತ್ತೀರಿ. ಪೀರಿಯಡ್_ಇಲ್ಯಾಪ್ಸ್ಡ್ ಕೂಡ ಸ್ಟ್ರೀಮ್ ಲಾಕ್ ಕೇಳುತ್ತದೆ. ಹ್ಯಾಂಡ್ಲರ್ ಚಿಪ್ ಲಾಕ್ ಬಿಡದೆಯೇ ಅದನ್ನು ಕರೆದರೆ, ಒಂದು ಸಿಪಿಯು ಸ್ಟ್ರೀಮ್ ಲಾಕ್ ಹಿಡಿದು ಚಿಪ್ ಲಾಕ್‌ಗೆ ಕಾಯುತ್ತದೆ, ಇನ್ನೊಂದು ಅದಕ್ಕೆ ವಿರುದ್ಧ. ಯಂತ್ರ ನಿಲ್ಲುವುದು ಹೀಗೆ. ಕರೆಗೆ ಮುನ್ನ ಚಿಪ್ ಲಾಕ್ ಬಿಡಿ, ಆಮೇಲೆ ಬೇಕಾದರೆ ಮತ್ತೆ ಹಿಡಿಯಿರಿ. ಕಾನ್ಫಿಗ್_ಪ್ರೂವ್_ಲಾಕಿಂಗ್ ಸೇರಿಸಿ ಕಟ್ಟಿದ ಕರ್ನಲ್ ನಿಜವಾಗಿ ಸಿಕ್ಕಿಕೊಳ್ಳುವ ಮೊದಲೇ ಈ ತಪ್ಪನ್ನು ಲಾಗ್‌ನಲ್ಲಿ ಬರೆಯುತ್ತದೆ. ಈ ಎರಡು ಕಾಲ್‌ಬ್ಯಾಕ್‌ಗಳಲ್ಲಿ ನಿದ್ರಿಸುವಂತಿಲ್ಲ. ನಿಮ್ಮ ಚಿಪ್ ಐ2ಸಿ ಅಥವಾ ಫರ್ಮ್‌ವೇರ್ ಸಂದೇಶದ ಮೂಲಕವೇ ಮಾತಾಡಬೇಕಾದರೆ ಸ್ಟ್ರೀಮ್‌ನ ನಾನ್‌ಅಟಾಮಿಕ್ ಫ್ಲಾಗ್ ಹಾಕಿ. ಆಗ ಸ್ಟ್ರೀಮ್ ಲಾಕ್ ಮ್ಯೂಟೆಕ್ಸ್ (ಹಿಡಿದುಕೊಂಡೂ ನಿದ್ರಿಸಬಹುದಾದ ಲಾಕ್) ಆಗುತ್ತದೆ, ಹ್ಯಾಂಡ್ಲರ್ ಥ್ರೆಡ್‌ನಲ್ಲಿ ಓಡಲೇಬೇಕು.

ಸ್ಥಾನ: ನಿಜವಾದ ಕಷ್ಟ ಇಲ್ಲಿದೆ

ಇಂಟರಪ್ಟ್ ಶಾಲೆಯ ಗಂಟೆ ಇದ್ದಂತೆ. ಎಬ್ಬಿಸುವುದಷ್ಟೇ ಅದರ ಕೆಲಸ. ಹೊತ್ತೆಷ್ಟಾಯಿತು ಎಂದು ತಿಳಿಯಲು ಗಂಟೆಗಳನ್ನು ಎಣಿಸಿದರೆ, ಒಂದು ಗಂಟೆ ಕೇಳಿಸದೇ ಹೋದಾಗ ಆ ದಿನದ ಲೆಕ್ಕವೆಲ್ಲ ತಪ್ಪು. ಆದರೂ ಇಂಟರಪ್ಟ್ ಬಂದಾಗಲೆಲ್ಲ ಒಂದು ವೇರಿಯಬಲ್‌ಗೆ ಪೀರಿಯಡ್ ಗಾತ್ರ ಕೂಡಿಸಿ, ಪಾಯಿಂಟರ್ ಕಾಲ್‌ಬ್ಯಾಕ್‌ನಲ್ಲಿ ಅದನ್ನೇ ಕೊಡುವ ಡ್ರೈವರ್‌ಗಳಿವೆ. ಇಂಟರಪ್ಟ್‌ಗಳು ಒಂದು ಪೀರಿಯಡ್‌ಗಿಂತ ಹೆಚ್ಚು ಕಾಲ ತಡೆಹಿಡಿದಿದ್ದರೆ ಎರಡು ಸೇರಿ ಒಂದಾಗುತ್ತವೆ. ಅಲ್ಲಿಂದ ಮುಂದೆ ಡ್ರೈವರ್ ಹೇಳುವ ಸ್ಥಾನ ನಿಜಕ್ಕಿಂತ 1024 ಫ್ರೇಮ್ ಹಿಂದೆಯೇ ಉಳಿಯುತ್ತದೆ. ಹಾರ್ಡ್‌ವೇರ್‌ನಲ್ಲಿ ಡಿಎಂಎ ಸ್ಥಾನದ ರಿಜಿಸ್ಟರ್ ಇದ್ದರೆ ಅದನ್ನೇ ಓದಿ. ಆಗ ಎರಡು ಇಂಟರಪ್ಟ್ ಸೇರಿ ಒಂದಾದರೂ ಪೀರಿಯಡ್_ಇಲ್ಯಾಪ್ಸ್ಡ್ ಅನ್ನು ಒಮ್ಮೆ ಕರೆದರೆ ಸಾಕು, ಉಳಿದದ್ದನ್ನು ಆಲ್ಸಾ ತಾನೇ ಲೆಕ್ಕ ಹಾಕುತ್ತದೆ.

ಪಾಯಿಂಟರ್ ಕೊಡಬೇಕಾದ್ದು ಫ್ರೇಮ್‌ಗಳಲ್ಲಿ, 0ಯಿಂದ ಬಫರ್ ಗಾತ್ರಕ್ಕಿಂತ ಒಂದು ಕಡಿಮೆಯವರೆಗೆ. ಬೈಟ್‌ಗಳಲ್ಲಿ ಕೊಟ್ಟರೆ ಬಫರ್‌ನ ಕಾಲು ಭಾಗ ದಾಟಿದ ಕೂಡಲೇ ಕರ್ನಲ್ ಲಾಗ್‌ನಲ್ಲಿ ಸ್ಥಾನ ಅಸಾಧ್ಯ ಎಂಬ ದೂರು ಬರುತ್ತದೆ. ಕೆಲವು ಹಾರ್ಡ್‌ವೇರ್ ಸುತ್ತು ಮುಗಿಯುವ ಕ್ಷಣದಲ್ಲಿ ಬಫರ್ ಗಾತ್ರವನ್ನೇ ತೋರಿಸುತ್ತದೆ. ಅದನ್ನು 0 ಮಾಡಿ. ಸುಮ್ಮನೆ ಮಾಡ್ಯುಲೋ ಹಾಕಿ ಕೈ ತೊಳೆದುಕೊಳ್ಳುವುದು ಬೇಡ. ಬೈಟ್-ಫ್ರೇಮ್ ಗೊಂದಲವನ್ನು ಅದು ಮುಚ್ಚಿಹಾಕುತ್ತದೆ.

ಸ್ಥಾನ ಎರಡು ರಿಜಿಸ್ಟರ್‌ಗಳಲ್ಲಿ ಹರಡಿದ್ದರೆ ಓದುವ ಮಧ್ಯೆ ಬದಲಾಗಬಹುದು. ಇಂಟೆಲ್‌ನ ಎಸಿ'97 ನಿಯಂತ್ರಕದಲ್ಲಿ 32 ಡಿಸ್ಕ್ರಿಪ್ಟರ್‌ಗಳ ಪಟ್ಟಿ ಇದೆ. ಈಗ ಯಾವುದು ಓಡುತ್ತಿದೆ ಎನ್ನುವುದು ಸಿಐವಿ ರಿಜಿಸ್ಟರ್‌ನಲ್ಲಿ, ಅದರಲ್ಲಿ ಎಷ್ಟು ಉಳಿದಿದೆ ಎನ್ನುವುದು ಪಿಐಸಿಬಿಯಲ್ಲಿ. ಸಿಐವಿ ಓದಿ, ಪಿಐಸಿಬಿ ಓದಿ, ಸಿಐವಿ ಮತ್ತೊಮ್ಮೆ ಓದಿ, ಬದಲಾಗಿದ್ದರೆ ಮೊದಲಿನಿಂದ. ಇಂಟೆಲ್8x0 ಡ್ರೈವರ್ ಮಾಡುವುದು ಇದನ್ನೇ. ಪಿಐಸಿಬಿ ಸೊನ್ನೆ ಇದ್ದರೆ 10 ಮೈಕ್ರೊಸೆಕೆಂಡು ಕಾದು ಮತ್ತೆ ಓದುತ್ತದೆ, ಪಿಐಸಿಬಿ ಎರಡು ಸಲವೂ ಒಂದೇ ಬಂದರಷ್ಟೇ ಒಪ್ಪುತ್ತದೆ. ವರ್ಚುವಲ್ ಯಂತ್ರದೊಳಗೆ ರಿಜಿಸ್ಟರ್ ಓದುವುದೇ ದುಬಾರಿ, ಎರಡನೆಯ ಓದು ಹೊಂದುವುದೂ ಅಪರೂಪ. ಅದಕ್ಕೆಂದೇ ಆ ಡ್ರೈವರ್‌ನಲ್ಲಿ ಇನ್‌ಸೈಡ್_ವಿಎಂ ಆಯ್ಕೆ ಇದೆ. ಅಂದಹಾಗೆ ಅದೇ ಡ್ರೈವರ್ ನಡೆಸುವ ಸಿಸ್ 7012 ಚಿಪ್‌ನಲ್ಲಿ ಪಿಐಸಿಬಿ ಮತ್ತು ಸ್ಟೇಟಸ್ ರಿಜಿಸ್ಟರ್‌ಗಳ ಜಾಗ ಅದಲುಬದಲು, ಎಣಿಕೆಯ ಮಾನವೂ ಬೇರೆ. 'ಹೊಂದಾಣಿಕೆಯ ಚಿಪ್' ಎಂಬ ಮಾತನ್ನು ಡೇಟಾಶೀಟ್ ತೆರೆದು ನೋಡುವ ತನಕ ನಂಬಬೇಡಿ.

ಟ್ರೇಸ್ ಓದುವ ಕಲೆ

ಕಾನ್ಫಿಗ್_ಸ್ನ್ಡ್_ಪಿಸಿಎಂ_ಎಕ್ಸ್‌ರನ್_ಡೀಬಗ್ ಸೇರಿಸಿ ಕರ್ನಲ್ ಕಟ್ಟಿದರೆ ಎರಡು ಉಪಕರಣ ಸಿಗುತ್ತವೆ. ಒಂದು, /ಪ್ರಾಕ್/ಅಸೌಂಡ್/ಕಾರ್ಡ್0/ಪಿಸಿಎಂ0ಪಿ/ಎಕ್ಸ್‌ರನ್_ಡೀಬಗ್ ಕಡತ: 1 ಬರೆದರೆ ಎಕ್ಸ್‌ರನ್ (ಬಫರ್ ಖಾಲಿಯಾಗುವುದು ಅಥವಾ ತುಂಬಿ ಹರಿಯುವುದು) ಮೊದಲಾದ ದೋಷಗಳ ಸಂದೇಶ, 3 ಬರೆದರೆ ಜೊತೆಗೆ ಸ್ಟ್ಯಾಕ್ ಟ್ರೇಸ್, 7 ಬರೆದರೆ ಜಿಫೀಸ್‌ಗೆ (ಕರ್ನಲ್‌ನ ಟೈಮರ್ ಎಣಿಕೆ) ಹೋಲಿಸುವ ತಪಾಸಣೆಯೂ ಸೇರುತ್ತದೆ. 'ಇಂಟರಪ್ಟ್ ಕಳೆದಿದೆಯೇ?' ಎಂಬ ಅರ್ಥದ ಸಾಲು ಬರುವುದು ಇಲ್ಲಿಂದಲೇ. ಇದನ್ನು ಸೀರಿಯಲ್ ಕನ್ಸೋಲ್ ಇರುವ ಬೋರ್ಡ್‌ನಲ್ಲಿ ಬಳಸುವಾಗ ಎಚ್ಚರ: 1,15,200 ಬಾಡ್‌ನಲ್ಲಿ ನೂರು ಅಕ್ಷರದ ಒಂದು ಸಾಲಿಗೆ ಸುಮಾರು 8.7 ಮಿಲಿಸೆಕೆಂಡು ಬೇಕು. ದೋಷ ವರದಿ ಮಾಡುವ ಸಾಲೇ ಮುಂದಿನ ದೋಷವನ್ನು ಹುಟ್ಟಿಸುತ್ತದೆ.

ಹಾಗಾಗಿ ಎರಡನೆಯದೇ ಮೇಲು: ಸ್ನ್ಡ್_ಪಿಸಿಎಂ ಗುಂಪಿನ ಟ್ರೇಸ್‌ಪಾಯಿಂಟ್‌ಗಳು. /ಸಿಸ್/ಕರ್ನಲ್/ಟ್ರೇಸಿಂಗ್/ಈವೆಂಟ್ಸ್/ಸ್ನ್ಡ್_ಪಿಸಿಎಂ/ಎನೇಬಲ್ ಕಡತಕ್ಕೆ 1 ಬರೆದು ಕೆಲವು ಸೆಕೆಂಡು ನುಡಿಸಿ, ಟ್ರೇಸ್ ಕಡತ ಓದಿ. ಎಚ್‌ಡಬ್ಲ್ಯೂಪಿಟಿಆರ್ ಸಾಲುಗಳಲ್ಲಿ ಐಆರ್‌ಕ್ಯೂ ಎಂದಿರುವವನ್ನು ಮಾತ್ರ ಆರಿಸಿ ಪಾಸ್ (ಸ್ಥಾನ) ಎಂಬ ಸಂಖ್ಯೆ ನೋಡಿ.

ಪಾಸ್ 1026, 2051, 3075 ಹೀಗೆ ಗಡಿಯನ್ನು ಸ್ವಲ್ಪ ದಾಟಿದ್ದರೆ ಆರೋಗ್ಯವಾಗಿದೆ.

1024, 2048, 3072 ಎಂದು ಪ್ರತಿ ಬಾರಿಯೂ ಗಡಿಯಲ್ಲೇ ನಿಂತು, ನಡುವೆ ಓದಿದಾಗಲೂ ಬದಲಾಗದಿದ್ದರೆ ಹಾರ್ಡ್‌ವೇರ್ ಪೀರಿಯಡ್ ಲೆಕ್ಕದಲ್ಲೇ ಸ್ಥಾನ ಹೇಳುತ್ತಿದೆ. ಇದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಎಸ್ಎನ್‌ಡಿಆರ್‌ವಿ_ಪಿಸಿಎಂ_ಇನ್ಫೋ_ಬ್ಯಾಚ್ ಫ್ಲಾಗ್ ಹಾಕಿ. ಸೌಂಡ್ ಸರ್ವರ್‌ಗಳು ಅದನ್ನು ನೋಡಿ ಸ್ಥಾನವನ್ನು ಸೂಕ್ಷ್ಮವಾಗಿ ನಂಬುವುದನ್ನು ಬಿಡುತ್ತವೆ, ಕರ್ನಲ್‌ನ ಜಿಫೀಸ್ ತಪಾಸಣೆಯೂ ಆ ಸಾಧನವನ್ನು ಬಿಟ್ಟುಬಿಡುತ್ತದೆ. ಡಿಎಂಎ ಎಂಜಿನ್ ಮೂಲಕ ಓಡುವ ಬೋರ್ಡ್‌ಗಳಲ್ಲಿ ಡಿಎಂಎ ಡ್ರೈವರ್ ಘೋಷಿಸಿದ ರೆಸಿಡ್ಯೂ ಗ್ರ್ಯಾನ್ಯುಲಾರಿಟಿ (ಇನ್ನೆಷ್ಟು ಉಳಿದಿದೆ ಎಂದು ಎಷ್ಟು ಸೂಕ್ಷ್ಮವಾಗಿ ಹೇಳಬಲ್ಲದು ಎಂಬುದು) ನೋಡಿ ಈ ಫ್ಲಾಗ್ ತಾನಾಗಿಯೇ ಬರುತ್ತದೆ; ಡಿಎಂಎ ಡ್ರೈವರ್ ಸುಳ್ಳು ಹೇಳಿದರೆ ಆಡಿಯೊ ಡ್ರೈವರ್‌ನಲ್ಲಿ ಎಷ್ಟು ಹುಡುಕಿದರೂ ದೋಷ ಸಿಗದು.

1700 ಬಂದರೆ ಇಂಟರಪ್ಟ್ 676 ಫ್ರೇಮ್, ಅಂದರೆ 14 ಮಿಲಿಸೆಕೆಂಡು ತಡವಾಗಿ ಸಿಕ್ಕಿದೆ. ತಪ್ಪು ಬಹುಶಃ ನಿಮ್ಮ ಡ್ರೈವರ್‌ನದಲ್ಲ.

1020, 2044 ಎಂದು ಗಡಿಗೆ ಮುಂಚೆಯೇ ಬಂದರೆ ಅದು ಅವಸರದ ಇಂಟರಪ್ಟ್. ಎಚ್‌ಡಿ ಆಡಿಯೊದ ಹಳೆಯ ಪಿಡುಗು. ನಾಲ್ಕೇ ಫ್ರೇಮ್ ತಾನೆ ಎನ್ನಬೇಡಿ. ಅಪ್ಲಿಕೇಶನ್ 1024 ಫ್ರೇಮ್ ಜಾಗ ಸಿಕ್ಕಾಗ ಎಬ್ಬಿಸು ಎಂದು ಹೇಳಿ ಮಲಗಿದೆ. 1020 ಸಾಲದು, ಎಬ್ಬಿಸುವುದಿಲ್ಲ. ಮುಂದಿನ ಅವಕಾಶ ಮುಂದಿನ ಇಂಟರಪ್ಟ್‌ಗೇ. ಬಫರ್ ಎರಡೇ ಪೀರಿಯಡ್ ಇದ್ದರೆ ಆ ಹೊತ್ತಿಗೆ ಉಳಿದಿರುವುದು ಮತ್ತೆ ನಾಲ್ಕು ಫ್ರೇಮ್, 83 ಮೈಕ್ರೊಸೆಕೆಂಡು. ಚಟ್. ನಾಲ್ಕು ಪೀರಿಯಡ್ ಇದ್ದಾಗ ಚೆನ್ನಾಗಿ ಓಡಿ, ಎರಡಕ್ಕೆ ಇಳಿಸಿದ ಕೂಡಲೇ ಕೆಡುವ ಕಾರ್ಡ್‌ಗಳಲ್ಲಿ ಮೊದಲು ಇದನ್ನೇ ನೋಡಿ. ಪಲ್ಸ್‌ಆಡಿಯೊ ಲಾಗ್‌ನಲ್ಲಿ 'ಬರೆಯಲು ಎಬ್ಬಿಸಿದರು, ಬರೆಯಲು ಜಾಗವೇ ಇರಲಿಲ್ಲ, ಆಲ್ಸಾ ಡ್ರೈವರ್‌ನ ದೋಷವಿರಬೇಕು' ಎಂಬರ್ಥದ ದೂರು ಕಂಡರೂ ಸ್ಥಾನ ಮತ್ತು ಇಂಟರಪ್ಟ್ ಹೊಂದುತ್ತಿಲ್ಲ ಎಂದೇ ಅನುಮಾನಿಸಿ.

ಎಚ್‌ಡಿ ಆಡಿಯೊದಲ್ಲಿ ಇದಕ್ಕೆ ಕೋಡ್ ಮುಟ್ಟದೆ ಎರಡು ತಿರುಪುಗಳಿವೆ. ಬಿಡಿಎಲ್_ಪಾಸ್_ಆಡ್ಜ್ ಎನ್ನುವುದು ಇಂಟರಪ್ಟನ್ನು ಅಷ್ಟು ಸ್ಯಾಂಪಲ್ ತಡಮಾಡುತ್ತದೆ; 32 ಎಂದರೆ 48 ಕಿಲೋಹರ್ಟ್ಸ್‌ನಲ್ಲಿ 0.67 ಮಿಲಿಸೆಕೆಂಡು. ಐಆರ್‌ಕ್ಯೂ ಟೈಮಿಂಗ್ ವರ್ಕ್‌ಅರೌಂಡ್ ಶುರುವಾಗಿದೆ, ಈ ಬೆಲೆಯನ್ನು ಹೆಚ್ಚಿಸಿ ಎಂದು ಕರ್ನಲ್ ತಾನೇ ಲಾಗ್‌ನಲ್ಲಿ ಸೂಚಿಸುವುದುಂಟು. ಇನ್ನೊಂದು ಪೊಸಿಶನ್_ಫಿಕ್ಸ್: 1 ಎಂದರೆ ಸ್ಥಾನ ತೋರಿಸುವ ಎಲ್‌ಪಿಐಬಿ ರಿಜಿಸ್ಟರ್, 2 ಎಂದರೆ ನಿಯಂತ್ರಕ ಮೆಮೊರಿಗೆ ಬರೆಯುವ ಪೊಸಿಶನ್ ಬಫರ್, 3 ವಯಾ ಚಿಪ್‌ಗಳ ವಿಶೇಷ ವಿಧಾನ, 4 ಪ್ಲೇಬ್ಯಾಕ್‌ಗೆ ಎಲ್‌ಪಿಐಬಿ ಮತ್ತು ರೆಕಾರ್ಡಿಂಗ್‌ಗೆ ಡ್ರೈವರ್ ತಾನೇ ಆರಿಸಿದ ವಿಧಾನ, 0 ತಾನೇ ಆರಿಸಿಕೊಳ್ಳುತ್ತದೆ. ಮೊದಲು 1, ಆಮೇಲೆ 2 ಕೊಟ್ಟು ಅದೇ ಟ್ರೇಸ್ ಮತ್ತೆ ತೆಗೆಯಿರಿ. ಕಿವಿಯಿಂದ ತೀರ್ಮಾನಿಸಬೇಡಿ.

ನಿಮ್ಮದೇ ಡ್ರೈವರ್‌ಗೆ ಈ ರೋಗವಿದ್ದರೆ ಎಚ್‌ಡಿ ಆಡಿಯೊ ಡ್ರೈವರ್‌ನ ಉಪಾಯವನ್ನೇ ಎತ್ತಿಕೊಳ್ಳಬಹುದು. ಅದು 24 ಮೆಗಾಹರ್ಟ್ಸ್‌ನ ವಾಲ್ ಕ್ಲಾಕ್ ಓದುತ್ತದೆ. ನಮ್ಮ ಪೀರಿಯಡ್‌ಗೆ 5,12,000 ಟಿಕ್. ಹಿಂದಿನ ಸಲದಿಂದ ಅದರ ಮೂರನೇ ಎರಡು ಭಾಗವೂ ಕಳೆಯದೆ ಬಂದ ಇಂಟರಪ್ಟನ್ನು ಹುಸಿ ಎಂದು ಬಿಡುತ್ತದೆ. ಸಮಯ ಸರಿಯಿದ್ದು ಸ್ಥಾನ ಮಾತ್ರ ಗಡಿ ದಾಟಿಲ್ಲದಿದ್ದರೆ ಪೀರಿಯಡ್_ಇಲ್ಯಾಪ್ಸ್ಡ್ ಕರೆಯನ್ನು ವರ್ಕ್‌ಕ್ಯೂಗೆ (ಹ್ಯಾಂಡ್ಲರ್ ಮುಗಿದ ಮೇಲೆ ಮಾಡುವ ಕೆಲಸಗಳ ಸರದಿ) ಹಾಕಿ, ದಾಟುವ ತನಕ ಕಾಯುತ್ತದೆ. ಹ್ಯಾಂಡ್ಲರ್‌ನೊಳಗೇ ಸುಮ್ಮನೆ ಎಂಡಿಲೇ ಹಾಕಿ ಕಾಯುವುದು ಕೆಟ್ಟ ಚಿಕಿತ್ಸೆ. ಅಷ್ಟು ಹೊತ್ತು ಆ ಸಿಪಿಯುವಿನ ಉಳಿದ ಇಂಟರಪ್ಟ್‌ಗಳೂ ಕಾಯುತ್ತವೆ.

ಡಿಎಂಎ ಓದಿ ಮುಗಿಸಿದ್ದು, ಸ್ಪೀಕರ್ ನುಡಿದದ್ದು ಎರಡೂ ಒಂದೇ ಅಲ್ಲ. ನಡುವೆ ಫಿಫೊ, ಅಂದರೆ ಹಾರ್ಡ್‌ವೇರ್‌ನೊಳಗಿನ ಚಿಕ್ಕ ಸರದಿ ಮೆಮೊರಿ, ಇದೆ. ಆ ವ್ಯತ್ಯಾಸವನ್ನು ಪಾಯಿಂಟರ್‌ನಿಂದ ಕಳೆಯಬೇಡಿ, ರನ್‌ಟೈಮ್‌ನ ಡಿಲೇ ಫೀಲ್ಡ್‌ನಲ್ಲಿ ತಿಳಿಸಿ. ವಿಡಿಯೊ ಪ್ಲೇಯರ್ ಸ್ನ್ಡ್_ಪಿಸಿಎಂ_ಡಿಲೇ ಕೇಳಿ ತುಟಿಗೆ ಮಾತು ಹೊಂದಿಸುವುದು ಅದರಿಂದ. ಬಫರ್ ಪೀರಿಯಡ್‌ನ ಪೂರ್ಣ ಗುಣಕವಾಗಿರಲೇಬೇಕಾದ ಹಾರ್ಡ್‌ವೇರ್ ಆದರೆ ಓಪನ್ ಕಾಲ್‌ಬ್ಯಾಕ್‌ನಲ್ಲಿ ಪೀರಿಯಡ್ಸ್‌ಗೆ ಇಂಟೀಜರ್ ನಿರ್ಬಂಧ ಹಾಕಿ. ಇಲ್ಲದಿದ್ದರೆ ಕೊನೆಯ ಪೀರಿಯಡ್ ಮೋಟಾಗಿ ಪ್ರತಿ ಸುತ್ತಿಗೂ ಒಂದು ಇಂಟರಪ್ಟ್ ಜಾಗ ತಪ್ಪುತ್ತದೆ.

ತಡ ಎಲ್ಲಿಂದ ಬಂತು

ಪಾಸ್ ಬಹಳ ದಾಟಿ ಬರುತ್ತಿದ್ದರೆ ಯಾರೋ ಇಂಟರಪ್ಟ್ ಮುಚ್ಚಿ ಕೂತಿದ್ದಾರೆ. ಐಆರ್‌ಕ್ಯೂಸ್‌ಆಫ್ ಟ್ರೇಸರ್ ಹಾಕಿ, ಟ್ರೇಸಿಂಗ್_ಮ್ಯಾಕ್ಸ್_ಲೇಟೆನ್ಸಿಗೆ 0 ಬರೆದು, ಚಟಪಟ ಬಂದ ಮೇಲೆ ಓದಿದರೆ ಅತಿ ದೀರ್ಘ ಕಾಲ ಇಂಟರಪ್ಟ್ ಮುಚ್ಚಿದ ಫಂಕ್ಷನ್‌ನ ಹೆಸರೇ ಸಿಗುತ್ತದೆ. ಅಲ್ಲಿ ಏನೂ ಕಾಣದೆ ತಡ ಮಾತ್ರ ಉಳಿದರೆ ಬಯಾಸ್‌ನ ಎಸ್‌ಎಂಐ (ಫರ್ಮ್‌ವೇರ್ ತನ್ನ ಕೆಲಸಕ್ಕೆ ಸಿಪಿಯುವನ್ನು ಕಸಿದುಕೊಳ್ಳುವ ಇಂಟರಪ್ಟ್) ಇರಬಹುದು. ಅದು ಕರ್ನಲ್ ಕಣ್ಣಿಗೆ ಬೀಳುವುದಿಲ್ಲ, ಎಚ್‌ಡಬ್ಲ್ಯೂಲ್ಯಾಟ್‌ಡಿಟೆಕ್ಟ್ ಉಪಕರಣದಿಂದ ಅಳೆಯಬೇಕು. ಥ್ರೆಡ್ಐಆರ್‌ಕ್ಯೂಸ್ ಎಂಬ ಬೂಟ್ ಆಯ್ಕೆ ಕೊಟ್ಟರೆ ಹ್ಯಾಂಡ್ಲರ್, ಫಿಫೊ ಎಂಬ ರಿಯಲ್‌ಟೈಮ್ ಷೆಡ್ಯೂಲಿಂಗ್ ವಿಧಾನದಲ್ಲಿ 50 ಆದ್ಯತೆಯ ಥ್ರೆಡ್ ಆಗುತ್ತದೆ. ಸಿಎಚ್‌ಆರ್‌ಟಿ -ಎಫ್ -ಪಿ 80 ಎಂದು ಸೌಂಡ್ ಕಾರ್ಡ್‌ನದ್ದನ್ನು ಮಾತ್ರ ಮೇಲೇರಿಸಬಹುದು. ಪೂರ್ಣ ರಿಯಲ್‌ಟೈಮ್ ಬೇಕಿದ್ದರೆ ಪ್ರಿಎಂಪ್ಟ್_ಆರ್‌ಟಿ 2024ರ 6.12ರಿಂದ ಮುಖ್ಯ ಕರ್ನಲ್‌ನಲ್ಲೇ ಇದೆ. ಆದರೆ ಸ್ಥಾನವೇ ತಪ್ಪು ಹೇಳುವ ಡ್ರೈವರ್‌ಗೆ ಆದ್ಯತೆ ಏರಿಸಿ ಪ್ರಯೋಜನವಿಲ್ಲ. ಅದು ತಪ್ಪನ್ನೇ ಹೆಚ್ಚು ಕರಾರುವಾಕ್ಕಾಗಿ ಹೇಳುತ್ತದೆ.

ನಿಲ್ಲಿಸುವಾಗ

ಟ್ರಿಗರ್ ಸ್ಟಾಪ್ ಆದ ಮೇಲೂ ಇನ್ನೊಂದು ಸಿಪಿಯುವಿನಲ್ಲಿ ಹ್ಯಾಂಡ್ಲರ್ ಓಡುತ್ತಿರಬಹುದು. ಅಷ್ಟರಲ್ಲಿ ಬಫರ್ ಬಿಡುಗಡೆಯಾದರೆ ವಾರಕ್ಕೊಮ್ಮೆ ಬರುವ, ಜಾಡೇ ಸಿಗದ ಕುಸಿತ. ಈಗಿನ ಕರ್ನಲ್‌ಗಳಲ್ಲಿ ಇದಕ್ಕೆ ಸಿಂಕ್_ಸ್ಟಾಪ್ ಕಾಲ್‌ಬ್ಯಾಕ್ ಇದೆ. ಸಾಮಾನ್ಯ ಡ್ರೈವರ್‌ಗೆ ಕಾರ್ಡ್‌ನ ಸಿಂಕ್_ಐಆರ್‌ಕ್ಯೂ ಫೀಲ್ಡ್‌ನಲ್ಲಿ ಇಂಟರಪ್ಟ್ ಸಂಖ್ಯೆ ತುಂಬಿದರೆ ಸಾಕು, ಉಳಿದದ್ದು ಆಲ್ಸಾ ಪಾಲಿಗೆ. ವರ್ಕ್‌ಕ್ಯೂ ಬಳಸಿದ್ದರೆ ಅದನ್ನು ರದ್ದು ಮಾಡುವ ಕೆಲಸ ಮಾತ್ರ ನಿಮ್ಮದೇ.

ತಿದ್ದಿದ ಮೇಲೆ ಎಪ್ಲೇಯ --ಟೆಸ್ಟ್-ಪೊಸಿಶನ್ ಆಯ್ಕೆಯೊಂದಿಗೆ ನುಡಿಸಿ. ಬಫರ್ ಸ್ಥಾನ ಅಸಂಬದ್ಧವಾದರೆ ಅದೇ ಹೇಳುತ್ತದೆ. 1024, 256, 64 ಫ್ರೇಮ್, ಪ್ರತಿಯೊಂದಕ್ಕೂ ಎರಡು ಮತ್ತು ನಾಲ್ಕು ಪೀರಿಯಡ್, 44,100 ಮತ್ತು 48,000 ಎರಡೂ ದರ, ಜೊತೆಗೆ ಪ್ಲೇಬ್ಯಾಕ್ ಮತ್ತು ರೆಕಾರ್ಡಿಂಗ್ ಏಕಕಾಲಕ್ಕೆ. ನಡುವೆ ಒಮ್ಮೆ ಸಸ್ಪೆಂಡ್ ಮಾಡಿ ಎಬ್ಬಿಸಿ. ಹೊಸ ಲ್ಯಾಪ್‌ಟಾಪ್‌ಗೆ ಪೊಸಿಶನ್_ಫಿಕ್ಸ್ ಬೆಲೆಯಿಂದಲೇ ಪರಿಹಾರ ಸಿಕ್ಕಿದ್ದರೆ ಎಲ್‌ಎಸ್‌ಪಿಸಿಐ -ಎನ್‌ಎನ್‌ವಿ ತೋರಿಸುವ ಸಬ್‌ಸಿಸ್ಟಮ್ ಐಡಿಯನ್ನು ಡ್ರೈವರ್‌ನ ಕ್ವರ್ಕ್ (ಯಂತ್ರವಾರು ವಿಶೇಷ ತಿದ್ದುಪಡಿ) ಪಟ್ಟಿಗೆ ಒಂದು ಸಾಲಾಗಿ ಸೇರಿಸಿ ಪ್ಯಾಚ್ ಕಳಿಸಿ. ವಿವರಣೆಯಲ್ಲಿ ತಿದ್ದುವ ಮುನ್ನ ಮತ್ತು ತಿದ್ದಿದ ಮೇಲಿನ ಟ್ರೇಸ್‌ನ ನಾಲ್ಕಾರು ಸಾಲುಗಳಿರಲಿ.